ಜಾಝ್ ಪಿಯಾನೊದಿಂದ ಡಿಸ್ಕೋ-ಫಂಕ್ ಧ್ವನಿಮುದ್ರಣಕ್ಕೆ: ನನ್ನ ಅನುಭವ

ಬೆಂಗಳೂರಿನಲ್ಲಿ ಬಹುಕಾಲದಿಂದ ಜಾಝ್ ಪಿಯಾನೊ ನುಡಿಸಿಕೊಂಡು ಬಂದಿರುವ ನಾನು ಈಚೆಗೆ ಕನ್ನಡ ಸಾಹಿತ್ಯದ ಕೆಲವು ಡಿಸ್ಕೋ-ಫಂಕ್ ಹಾಡುಗಳನ್ನು, ಅಂದರೆ ಕುಣಿತಕ್ಕೆಂದೇ ಕಟ್ಟಿದ ಲಯಪ್ರಧಾನ ಹಾಡುಗಳನ್ನು, ಧ್ವನಿಮುದ್ರಿಸಿದೆ. ಸುಲಭದ ದಾರಿ ಹಿಡಿದಿರಲ್ಲ ಎಂದು ಆತ್ಮೀಯರೇ ಕೇಳಿದರು. ಈ ಆಕ್ಷೇಪಕ್ಕೆ ಅರ್ಧ ಶತಮಾನದ ವಯಸ್ಸಾಗಿದೆ. 1973ರಲ್ಲಿ ಟ್ರಂಪೆಟ್ ವಾದಕ ಡೊನಾಲ್ಡ್ ಬರ್ಡ್ ಫಂಕ್ ಬೆರೆತ ‘ಬ್ಲ್ಯಾಕ್ ಬರ್ಡ್’ ಆಲ್ಬಮ್ ಹೊರತಂದಾಗಲೂ, ಮೈಲ್ಸ್ ಡೇವಿಸ್ ತಂಡದಲ್ಲಿ ಹೆಸರು ಮಾಡಿದ್ದ ಪಿಯಾನೊ ವಾದಕ ಹರ್ಬಿ ಹ್ಯಾಂಕಾಕ್ 1978ರ ‘ಸನ್‌ಲೈಟ್’ನಲ್ಲಿ ದನಿಗೆ ಯಂತ್ರದ ಛಾಯೆ ಕೊಡುವ ವೊಕೋಡರ್ ಮೂಲಕ ತಾವೇ ಹಾಡಿದಾಗಲೂ ಜಾಝ್ ವಿಮರ್ಶಕರು ಇದನ್ನೇ ಹೇಳಿದ್ದರು. ಆ ದಾರಿ ಸುಲಭದ್ದಲ್ಲವೆಂಬುದು ನನಗೆ ನುಡಿಸಿದ ಮೇಲೆ ದೃಢವಾಯಿತು.

ಮೊದಲ ಕಷ್ಟ ಲಯದ್ದು. ಜಾಝ್‌ನ ಸ್ವಿಂಗ್‌ನಲ್ಲಿ ಪ್ರತಿ ಬಡಿತವೂ ಹೆಚ್ಚುಕಡಿಮೆ ತಿಶ್ರ ನಡೆಯ ಹಾಗೆ ಮೂರಾಗಿ ಒಡೆಯುತ್ತದೆ. ಫಂಕ್‌ನದು ಬಡಿತವನ್ನು ನಾಲ್ಕಾಗಿ ಒಡೆಯುವ ಕಟ್ಟುನಿಟ್ಟಾದ ಚತುರಶ್ರ. ಅದಕ್ಕೆ ಡಿಸ್ಕೋ ಸೇರಿದಾಗ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಪ್ರತಿ ಬಡಿತದ ಮೇಲೂ ಬೀಳುತ್ತದೆ, ನಡುವಿನ ಜಾಗದಲ್ಲಿ ಹೈಹ್ಯಾಟ್ ಎಂಬ ಜೋಡಿ ತಾಳ ತೆರೆದು ಮುಚ್ಚುತ್ತದೆ. ನಿಮಿಷಕ್ಕೆ 112 ಬಡಿತಗಳ ವೇಗದಲ್ಲಿ ಬಡಿತದ ಕಾಲುಭಾಗವೆಂದರೆ ಸುಮಾರು 134 ಮಿಲಿಸೆಕೆಂಡು. ಅಷ್ಟರೊಳಗೆ ಕೀಲಿಯನ್ನು ಒತ್ತುವುದಕ್ಕಿಂತ ಬೆರಳನ್ನು ಯಾವಾಗ ಎತ್ತಬೇಕೆಂಬುದೇ ಮುಖ್ಯವಾಗುತ್ತದೆ. ಇದನ್ನು ನಾನು ಕಲಿತದ್ದು ಷಿಕ್ ಎಂಬ ಡಿಸ್ಕೋ ತಂಡದ ನೈಲ್ ರಾಜರ್ಸ್ ಅವರ ಗಿಟಾರ್ ಕೇಳಿ. ಜಾಝ್ ಕಲಿತ ಅವರ ಬಲಗೈ ಎಡೆಬಿಡದೆ ತಂತಿ ಮೀಟುತ್ತಿರುತ್ತದೆ. ಯಾವ ಮೀಟು ಸ್ವರವಾಗಬೇಕು, ಯಾವುದು ಬರೀ ಸದ್ದಾಗಬೇಕು ಎಂಬುದನ್ನು ಎಡಗೈ ತೀರ್ಮಾನಿಸುತ್ತದೆ.

ಜಾಝ್‌ನ ಸ್ವರಮೇಳವನ್ನು ನಾನು ಬಿಟ್ಟುಕೊಡಲಿಲ್ಲ. ಒಂದು ಹಾಡಿನುದ್ದಕ್ಕೂ ಎ ಮೈನರ್ ನೈನ್ತ್ ಮತ್ತು ಡಿ ಥರ್ಟೀನ್ತ್ ಎಂಬ ಎರಡೇ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಇವೆ. ಮೂಲಸ್ವರವನ್ನು ಬೇಸ್ ಗಿಟಾರಿಗೆ ಬಿಟ್ಟು ಸಿ, ಇ, ಜಿ, ಬಿ ಸ್ವರಗಳನ್ನಷ್ಟೇ ಹಿಡಿದರೆ, ಮುಂದಿನ ಕಾರ್ಡ್‌ಗೆ ಹೋಗಲು ಒಂದೇ ಬೆರಳು ಜಿ‌ಯಿಂದ ಎಫ್ ಶಾರ್ಪ್‌ಗೆ ಇಳಿದರೆ ಸಾಕು. ಕಷ್ಟವಿರುವುದು ಆ ಚಲನೆಯನ್ನು ಹಾಡು ಮುಗಿಯುವವರೆಗೂ ಒಂದೇ ತೂಕದಲ್ಲಿ ನುಡಿಸುವುದರಲ್ಲಿ. ಪ್ರತಿ ಆವರ್ತದಲ್ಲೂ ಹೊಸದೇನಾದರೂ ಸೇರಿಸಬೇಕೆಂದು ತುಡಿಯುವ ಜಾಝ್ ಮನಸ್ಸಿಗೆ ಇದಕ್ಕಿಂತ ಕಠಿಣವಾದ ಸಾಧನೆ ಇನ್ನೊಂದಿಲ್ಲ. ಕುಣಿಯುವವರ ಕಾಲು ನಂಬುವುದು ಆ ಏಕರೂಪತೆಯನ್ನೇ.

ವೇಗ ತಪ್ಪದಂತೆ ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ ಇಟ್ಟುಕೊಂಡರೂ ಡ್ರಮ್ಸ್ ಮತ್ತು ಬೇಸನ್ನು ಒಂದೇ ಕೋಣೆಯಲ್ಲಿ ಒಟ್ಟಿಗೆ ಮುದ್ರಿಸಿದೆವು. ಎಲೆಕ್ಟ್ರಿಕ್ ಪಿಯಾನೊ, ಗಿಟಾರ್, ಬ್ರಾಸ್ ವಾದ್ಯಗಳು ಆಮೇಲೆ ಪದರಪದರವಾಗಿ ಸೇರಿದವು.

ಹೆಚ್ಚು ಕಾಲ ಹಿಡಿದದ್ದು ಹಾಡುಗಾರಿಕೆ. ಕನ್ನಡದ ಪದಗಳು ಬಹುಪಾಲು ಅ, ಇ, ಉಗಳಂಥ ಸ್ವರಾಕ್ಷರದ ಉಚ್ಚಾರದಲ್ಲೇ ಕೊನೆಗೊಳ್ಳುವುದರಿಂದ ಎಳೆದು ಹಾಡಲು ಸೊಗಸು, ತುಂಡರಿಸಿ ಹಾಡಲು ಕಷ್ಟ. ಇದಕ್ಕೆ ಪರಿಹಾರವೂ ಕನ್ನಡದಲ್ಲೇ ಸಿಕ್ಕಿತು. ‘ಸಮಯ’ ಎಂದಿದ್ದ ಕಡೆ ‘ಹೊತ್ತು’ ಎಂದು ಹಾಡಿಸಿ ನೋಡಿದಾಗ, ಒತ್ತಕ್ಷರದಲ್ಲಿ ನಾಲಿಗೆ ತಡೆಯುವ ಆ ಕ್ಷಣ ಗಿಟಾರಿನ ಮುಚ್ಚಿದ ಮೀಟಿನ ಜೊತೆ ಸರಿಯಾಗಿ ಕೂತಿತು. ಆಮೇಲೆ ಸಾಹಿತ್ಯ ಬರೆದವರೂ ನಾನೂ ಕೂತು ಪಲ್ಲವಿಯನ್ನು ‘ಕಿಚ್ಚು’, ‘ಪಟ್ಟು’, ‘ಸುತ್ತು’ಗಳಂಥ ಪದಗಳ ಸುತ್ತ ಮತ್ತೆ ಕಟ್ಟಿದೆವು, ಚರಣದಲ್ಲಿ ಮಾತ್ರ ದೀರ್ಘಸ್ವರಗಳಿಗೆ ಜಾಗ ಬಿಟ್ಟೆವು. ಇಂಗ್ಲಿಷ್ ಪದಗಳಿಲ್ಲದೆ ಫಂಕ್ ಹಾಡಲಾಗದು ಎನ್ನುವವರಿಗೆ ಈ ಪಲ್ಲವಿಯನ್ನು ಕೇಳಿಸಲು ನನಗೆ ಹೆಮ್ಮೆಯಿದೆ.

ಪಿಯಾನೊ ಸೋಲೊಗೆ ಎಂಟು ಬಾರ್‌ಗಳನ್ನಷ್ಟೇ (ತಾಳದ ಎಂಟು ಸುತ್ತುಗಳನ್ನಷ್ಟೇ) ಇಟ್ಟುಕೊಂಡೆ. 1980ರ ‘ಗಿವ್ ಮಿ ದ ನೈಟ್’ ಆಲ್ಬಮ್‌ನಲ್ಲಿ ಜಾರ್ಜ್ ಬೆನ್ಸನ್ ಅವರ ಗಿಟಾರ್ ಕ್ವಿನ್ಸಿ ಜೋನ್ಸ್ ಅವರ ನಿರ್ಮಾಣದಲ್ಲಿ ಹಾಡಿಗೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತದೆ. ನನಗೆ ಅದೇ ಮಾದರಿಯಾಗಿತ್ತು. ಉದ್ದದ ಸೋಲೊಗಳನ್ನು ವೇದಿಕೆಗೆ ಉಳಿಸಿಕೊಂಡಿದ್ದೇನೆ. ಅಲ್ಲಿಯೂ ಈಗ ನನ್ನ ಎಡಗೈ ಮೊದಲಿಗಿಂತ ಕಡಿಮೆ ನುಡಿಸುತ್ತದೆ, ಬೇಸ್ ವಾದಕರಿಗೆ ಜಾಗ ಹೆಚ್ಚು ಸಿಗುತ್ತದೆ.