ಹಾಸಿಗೆ ತೂಗಿ ಕಳವಳ ಇಳಿಸಿದ್ದು: ನನ್ನ ಅನುಭವ

ಕಳವಳ ಇಳಿಸಲೆಂದು, ಮಲಗಿದವರನ್ನು ಮೋಟಾರಿನಿಂದ ಮೆಲ್ಲಗೆ ತೂಗುವ ಮಂಚವೊಂದನ್ನು ಕಟ್ಟಿದ್ದೇನೆ. ‘ದೊಡ್ಡವರಿಗೂ ತೊಟ್ಟಿಲಾ?’ ಎಂದು ನಕ್ಕವರೇ ಈಗ ಅಳತೆ ಕೇಳುತ್ತಿದ್ದಾರೆ. ಜಿನೀವಾದ ಸಂಶೋಧಕರು 2011ರಲ್ಲಿ ಹಗಲುನಿದ್ದೆಗೆ ಮಂಚ ತೂಗಿದ್ದು 0.25 ಹರ್ಟ್ಸ್‌ನಲ್ಲಿ, ಅಂದರೆ ನಾಲ್ಕು ಸೆಕೆಂಡಿಗೊಮ್ಮೆ. ಅದೇ ನನ್ನ ಗುರಿ. ಈ ತೂಗನ್ನು ಗ್ರಹಿಸುವುದು ಒಳಗಿವಿಯ ಸಮತೋಲನದ ಅಂಗ. ‘ಸುಮ್ಮನೆ ಮಲಗಿದರೂ ಹಾಯೆನಿಸುತ್ತೆ, ಕಿವಿಗೇನು ಸಂಬಂಧ’ ಎನ್ನುವವರಿಗೆ 2019ರ ಇಲಿಗಳ ಪ್ರಯೋಗ ಸಾಕು: ಓಟೋಲಿತ್ (ಸರಿದಾಟವನ್ನು ಗ್ರಹಿಸಲು ಒಳಗಿವಿಯಲ್ಲಿರುವ ಸಣ್ಣ ಹರಳು) ಕೆಲಸ ಮಾಡದ ಇಲಿಗಳಿಗೆ ತೂಗಿದರೂ ನಿದ್ದೆ ಹೆಚ್ಚಲಿಲ್ಲ.

ಜೋಕಾಲಿ ಕೈಕೊಟ್ಟಿತು. ಕೂತು ಜೀಕುವಾಗ ಮೈಯೂ ಹಗ್ಗದ ಜತೆ ವಾಲುವುದರಿಂದ ಒಳಗಿವಿಯಲ್ಲಿ ಓಟೋಲಿತ್ ಇರುವ ಯುಟ್ರಿಕಲ್‌ಗೆ ಅಡ್ಡಬಲ ಹೆಚ್ಚುಕಮ್ಮಿ ಸಿಗುವುದೇ ಇಲ್ಲ, ಕೆಲಸವೆಲ್ಲ ತಲೆಯ ತಿರುಗುವಿಕೆಯನ್ನು ಗ್ರಹಿಸುವ ಅರ್ಧವೃತ್ತಾಕಾರದ ನಾಳಗಳದ್ದು. ನಾಲ್ಕು ಮೂಲೆಗೂ ಚೈನು ಕಟ್ಟಿ ಮಂಚವನ್ನು ಮಟ್ಟಸವಾಗಿ ತೂಗಿದರೆ ಬಲ ಸಿಗುತ್ತದೆ, ಆದರೆ ನಾಲ್ಕು ಸೆಕೆಂಡಿನ ತೂಗಿಗೆ ನಾಲ್ಕು ಮೀಟರ್ ಚೈನು ಬೇಕು. ಹತ್ತಡಿ ಸೂರಿನಡಿ ಅದು ಆಗದ ಮಾತು.

ಹಾಗಾಗಿ ಮಂಚವನ್ನು ಹಳಿಯ ಮೇಲೆ ಸರಿಸುವುದೇ ದಾರಿ. ಡ್ರಾಯರ್ ಚಾನೆಲ್ ಆಳಿನ ಭಾರಕ್ಕೆ ಬಾಗಿತು, ಪ್ರತಿ ತಿರುವಿನಲ್ಲೂ ಕಟಕ್ ಎನ್ನುತ್ತಿತ್ತು. ಸಾವಿರದೆಂಟುನೂರು ದಂಡ. ಕವುಚಿಟ್ಟ ಆ್ಯಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಮೇಲೆ, ಅಂಚಿನಲ್ಲಿ ವಿ ಆಕಾರದ ತೋಡಿರುವ ಬೇರಿಂಗ್ ಚಕ್ರ ನಿಂತಿತು.

ಮೋಟಾರು ಗುಜರಿಯ ಕಾರ್ ವೈಪರಿನದು, 12 ವೋಲ್ಟ್, ಕಡಿಮೆ ಸ್ಪೀಡಿನಲ್ಲಿ ನಿಮಿಷಕ್ಕೆ ಸುಮಾರು 45 ಸುತ್ತು. ಸ್ಪೀಡ್ ಕಂಟ್ರೋಲರ್ ಹಾಕಿ 15ಕ್ಕೆ (ನಾಲ್ಕು ಸೆಕೆಂಡಿಗೊಂದು ಸುತ್ತು) ಇಳಿಸಿದರೆ ಎಳೆಯುವ ಶಕ್ತಿ ಸತ್ತು ತುದಿಯಲ್ಲಿ ತಡವರಿಸುತ್ತದೆ. ಸೈಕಲ್ ಚೈನೇ ಸರಿ: ಮೋಟಾರಿಗೆ 16 ಹಲ್ಲು, ಸುತ್ತನ್ನು ಆಚೀಚೆಯ ಓಟವಾಗಿಸುವ ಕ್ರ್ಯಾಂಕಿಗೆ 48; 45 ಸುತ್ತು 15 ಆಗುತ್ತದೆ. ಫ್ರೀವೀಲನ್ನು ವೆಲ್ಡ್ ಮಾಡಿ ಜಾಮ್ ಮಾಡಲೇಬೇಕು, ಇಲ್ಲದಿದ್ದರೆ ಮಂಚ ಮೋಟಾರನ್ನು ಮೀರಿ ಓಡಿ ಬಡಿಯುತ್ತದೆ.

ಎಲ್ಲರೂ ಎಡವುವುದು ಕ್ರ್ಯಾಂಕಿನಲ್ಲಿ. ಮೂರು ಸೆಂ.ಮೀ. ತೋಳಿಟ್ಟರೆ ಗರಿಷ್ಠ ವೇಗೋತ್ಕರ್ಷ (ವೇಗ ಬದಲಾಗುವ ದರ) ಸೆಕೆಂಡ್ ವರ್ಗಕ್ಕೆ ಏಳೇ ಸೆಂ.ಮೀ., ಕಿವಿಗೆ ಅದು ಗೊತ್ತಾದರೆ ಹೆಚ್ಚು. ಹತ್ತು ಸೆಂ.ಮೀ. ಇಟ್ಟರೆ 25 ಸಿಗುತ್ತದೆ, ಮಂಚ ಆಚೀಚೆ ಒಟ್ಟು 20 ಸೆಂ.ಮೀ. ಸರಿಯುತ್ತದೆ. ಕ್ರ್ಯಾಂಕನ್ನು ಮಂಚಕ್ಕೆ ಜೋಡಿಸುವ ರಾಡು ತೋಳಿನ ಆರು ಪಟ್ಟಾದರೂ ಉದ್ದವಿರಲಿ, ಗಿಡ್ಡವಾದರೆ ಒಂದು ಬದಿಯ ತಿರುವು ಚುರುಕಾಗಿ ನಿದ್ದೆ ಕೆಡಿಸುತ್ತದೆ. ರಾಡಿನ ಕೀಲಿನ ಸದ್ದನ್ನು ನಾನು ಹೇಗೆ ಕೊಂದೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಒಟ್ಟು ಖರ್ಚು ಒಂಬತ್ತು-ಹತ್ತು ಸಾವಿರ, ಅದರಲ್ಲಿ ವೆಲ್ಡಿಂಗ್‌ನವನಿಗೇ ಮೂರು.

ತೂಗು ಎಡಬಲಕ್ಕೆ, ಕಣ್ಣು ಮುಚ್ಚಿ, ಊಟವಾಗಿ ಒಂದೂವರೆ ಗಂಟೆ ಬಿಟ್ಟು, 25 ನಿಮಿಷ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಕಳವಳ ಏಳು ಇದ್ದವರು ನಾಲ್ಕರ ಆಸುಪಾಸಿಗೆ ಇಳಿದರು. ಬೇಸರದ ಅಂಕ ಮಾತ್ರ ಜಗ್ಗಲಿಲ್ಲ, ಖಿನ್ನತೆಗೆ ಇದು ಮದ್ದಲ್ಲ. ಮಂಚ ನಿಂತೇ ಇದ್ದು ಮೋಟಾರ್ ಮಾತ್ರ ಓಡಿದಾಗ ಅರ್ಧ ಅಂಕ ಇಳಿದಿತ್ತು.

ಕುತೂಹಲಕ್ಕೆ ವೈಪರಿನ ಜೋರು ಸ್ಪೀಡು ಹಾಕಿ ನೋಡಿದೆ. ನಿಮಿಷಕ್ಕೆ 22 ತೂಗು, ಬಲ ದುಪ್ಪಟ್ಟು. ಜನ ಶಾಂತರಾಗುವ ಬದಲು ಲವಲವಿಕೆಯಿಂದ ಎದ್ದು ಕೂತರು, ಇಬ್ಬರಿಗೆ ಹೊಟ್ಟೆ ತೊಳಸಿತು. ಮಂಕು ಕವಿದವರಿಗೆ ಬೆಳಗಿನ ಹೊತ್ತು ಐದು ನಿಮಿಷ ಇದನ್ನೇ ಕೊಟ್ಟರೆ ಹೇಗೆ ಎಂಬ ಯೋಚನೆಯಿದೆ.

ತಲೆಸುತ್ತಿನ ಕಾಯಿಲೆ, ಮೆನಿಯರ್ (ಒಳಗಿವಿಯ ಕಾಯಿಲೆ), ವೆಸ್ಟಿಬ್ಯುಲರ್ ಮೈಗ್ರೇನ್ (ತಲೆಸುತ್ತು ತರುವ ಮೈಗ್ರೇನ್) ಇರುವವರನ್ನು ಮಂಚ ಹತ್ತಿಸಬೇಡಿ. ನಿಲ್ಲಿಸುವಾಗ ಸ್ವಿಚ್ ಪಟ್ಟನೆ ಆರಿಸದೆ ವೋಲ್ಟೇಜ್ ಮೆಲ್ಲಗೆ ಇಳಿಸಿ, ಇಲ್ಲವಾದರೆ ಮಲಗಿದವರು ಬೆಚ್ಚಿ ಏಳುತ್ತಾರೆ.