ಮೇಷ್ಟ್ರ ಹಾಡುಗಳು, ಪೌಂಡ್ ಗುರುತು ಮತ್ತು ನಾನು

ಮೇಷ್ಟ್ರು ತಮ್ಮ ಕಂಪ್ಯೂಟರನ್ನು ಅಕ್ಕಿ ಚೀಲದಲ್ಲಿ ಇಟ್ಟುಕೊಂಡು ಆಟೋದಲ್ಲಿ ಬಂದಿದ್ದರು. ಮಾನಿಟರ್ ತಂದಿರಲಿಲ್ಲ. "ಅದು ಚೆನ್ನಾಗೈತೆ, ಕೆಟ್ಟಿರೋದು ಇದು" ಅಂದರು.

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಭಾನುವಾರ ಬೆಳಿಗ್ಗೆ ಯಾರಾದರೂ ಹಳೇ ಕಂಪ್ಯೂಟರ್ ತಂದರೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಮುಕ್ತ ಕಾರ್ಯವ್ಯವಸ್ಥೆ ಹಾಕಿ ಕೊಡುತ್ತೇನೆ. ದುಡ್ಡು ತಗೊಳ್ಳುವುದಿಲ್ಲ, ತಿಂಡಿ ತಂದರೆ ಬೇಡ ಅನ್ನುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಬರುವವರು ಜಾಸ್ತಿಯಾದರು. ಹತ್ತು ಹನ್ನೆರಡು ವರ್ಷದ ಯಂತ್ರಗಳು ವಿಂಡೋಸ್ 11ಕ್ಕೆ ಆಗಿಬರುವುದಿಲ್ಲ, ಆದರೆ ಯಂತ್ರಕ್ಕೆ ಏನೂ ಆಗಿರುವುದಿಲ್ಲ. ಧೂಳು ಊದಿ, ಕೀಬೋರ್ಡ್ ಬೋರಲು ಹಾಕಿ ಮಂಡಕ್ಕಿ ಉದುರಿಸಿದರೆ ಅರ್ಧ ಕೆಲಸ ಆದ ಹಾಗೆ. ನಮ್ಮೂರಿನ ಕೀಬೋರ್ಡುಗಳಲ್ಲಿ ಮಂಡಕ್ಕಿ ಇದ್ದೇ ಇರುತ್ತದೆ.

ಮೇಷ್ಟ್ರ ಯಂತ್ರದಲ್ಲಿ ನಾಲ್ಕು ಜಿಬಿ ರ‍್ಯಾಮ್ ಇತ್ತು. ಒಂದು ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಕೂರಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಅದಕ್ಕೂ ಮೊದಲು ಪೆನ್‌ಡ್ರೈವಿನಿಂದ ಬೂಟ್ ಮಾಡಿ ಅವರ ಫೈಲುಗಳನ್ನೆಲ್ಲ ಎರಡು ಕಡೆ ನಕಲು ಮಾಡಿಟ್ಟೆ. ಇದನ್ನು ಮಾಡದೆ ಯಾರ ಯಂತ್ರಕ್ಕೂ ಕೈ ಹಾಕುವುದಿಲ್ಲ. ಒಮ್ಮೆ ಹಾಕಿದ್ದೆ, ನಮ್ಮ ಅಕ್ಕನ ಮನೆಯ ಮದುವೆ ಫೋಟೋಗಳು ಹೋದವು. ಆ ಮನೆಯಲ್ಲಿ ಇವತ್ತಿಗೂ ನನಗೆ ಚಹಾ ಆರಿದ ಮೇಲೆಯೇ ಬರುತ್ತದೆ.

ಎಲ್ಲ ಆಯ್ತು ಅಂದುಕೊಂಡು ಅವರ ಒಂದು ಫೈಲ್ ತೆರೆದೆ.

"ಇದೇನೋ ತಮ್ಮಾ, ಪೌಂಡು ಗಿಂಡು ಎಲ್ಲಾ ಬಂದೈತಲ್ಲ!"

ಸೂಳೆಕೆರೆ ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರು ಹಾಡುವ ಸೋಬಾನೆ ಪದಗಳನ್ನು ಮೇಷ್ಟ್ರು ವರ್ಷಾನುಗಟ್ಟಲೆ ಕೇಳಿ ಬರೆದುಕೊಂಡಿದ್ದರು. ನಿವೃತ್ತಿಯಾದ ಮೇಲೆ ತಾವೇ ಟೈಪ್ ಮಾಡಿದ್ದರು. ಒಟ್ಟು 143 ಫೈಲು, ಎಲ್ಲವೂ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ.

ಹಳೇ ನುಡಿ ಫೈಲಿನೊಳಗೆ ನಿಜವಾಗಿ ಕನ್ನಡ ಇರುವುದಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿರುತ್ತವೆ, ಫಾಂಟ್ ಅವುಗಳ ಮೇಲೆ ಕನ್ನಡದ ಚಿತ್ರ ಕೂರಿಸಿರುತ್ತದೆ. 'ಕನ್ನಡ' ಅನ್ನುವ ಪದವನ್ನೇ ಬಿಚ್ಚಿ ನೋಡಿ. ಮೊದಲು ಇಂಗ್ಲಿಷಿನ ಪಿ, ಅದು ತಲೆಕಟ್ಟಿಲ್ಲದ ಕ. ಆಮೇಲೆ ತಲೆ ಮೇಲೆ ಸಣ್ಣ ಗೀಟಿರುವ ಎ, ಅದೇ ತಲೆಕಟ್ಟು. ಪೌಂಡ್ ಗುರುತು ನ, ಮತ್ತೆ ತಲೆಕಟ್ಟು, ಜರ್ಮನ್ ಭಾಷೆಯ ಒಂದು ಅಕ್ಷರ ನ ಒತ್ತು, ಸಣ್ಣ ಕ್ಯೂ ಅಂದರೆ ಡ, ಕೊನೆಗೆ ಇನ್ನೊಂದು ತಲೆಕಟ್ಟು. ಫಾಂಟ್ ಇಲ್ಲದ ಕಡೆ ಈ ಬಣ್ಣ ಬಯಲಾಗುತ್ತದೆ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇತ್ತು. ಆದರೆ ಅದನ್ನು ಸರಿಯಾಗಿ ತೋರಿಸುವ ಕಂಪ್ಯೂಟರ್ ಮನೆಮನೆಗೆ ಬರಲು ಬಹಳ ವರ್ಷ ಬೇಕಾಯಿತು. ಅಲ್ಲಿವರೆಗೆ ಕೆಲಸ ನಡೆಸಿದ್ದು ಇಂಥ ಉಪಾಯಗಳೇ, ಹಾಗಾಗಿ ನನಗೆ ಇದರ ಮೇಲೆ ಸಿಟ್ಟಿಲ್ಲ.

ಸುಲಭದ ದಾರಿ ಒಂದಿದೆ. ಆ ಫಾಂಟನ್ನೇ ತಂದು ಲಿನಕ್ಸ್‌ನ ಫಾಂಟ್ ಫೋಲ್ಡರಿಗೆ ಹಾಕಿದರೆ ವರ್ಡ್ ಥರದ ಲಿಬ್ರೆಆಫೀಸ್‌ನಲ್ಲಿ ಹಾಡು ಹಾಡಾಗಿಯೇ ಕಾಣುತ್ತದೆ. ಹಾಗೇ ಮಾಡಿದೆ. ಮೇಷ್ಟ್ರು ಖುಷಿಯಾದರು. ಆಮೇಲೆ ಕೇಳಿದರು, "ಇದನ್ನ ಮಗಳ ಮೊಬೈಲಿಗೆ ಕಳಿಸಬಹುದೇನು? ಪುಸ್ತಕದ ಹಿಂದೆ ಹಾಡಿನ ಮೊದಲ ಸಾಲಿನ ಅಕಾರಾದಿ ಬೇಕು, ಅದನ್ನೂ ಇದೇ ಮಾಡುತ್ತೇನು?" ಎರಡಕ್ಕೂ ಇಲ್ಲ ಅನ್ನಬೇಕಾಯಿತು. ಕ ಅನ್ನುವುದು ಪಿ, ನ ಅನ್ನುವುದು ಪೌಂಡ್ ಆಗಿರುವಾಗ ಅಕಾರಾದಿ ಎಲ್ಲಿಂದ ಬರಬೇಕು? ಅವರು ಅಕಾರಾದಿಗೆ ಅಂತ ಚೀಟಿ ಕತ್ತರಿಸಿ ನೆಲದ ಮೇಲೆ ಜೋಡಿಸಲು ಶುರು ಮಾಡಿದ್ದರಂತೆ. ಫ್ಯಾನ್ ಹಾಕುವ ಹಾಗಿಲ್ಲ ಅಂತ ಮನೆಯವರು ಬೈಯುತ್ತಿದ್ದರಂತೆ.

ಹಾಗಾಗಿ ಎಲ್ಲವನ್ನೂ ಯುನಿಕೋಡ್‌ಗೆ ಪರಿವರ್ತಿಸಲು ಕೂತೆ. ಒಂದು ಸಂಜೆ ಸಾಕು ಅಂದುಕೊಂಡಿದ್ದೆ, ಮೂರು ವಾರ ಹೋಯಿತು.

ಮೊದಲ ದಿನ ಸುಮ್ನೆ ಒಂದೊಂದೇ ಅಕ್ಷರ ಹುಡುಕಿ ಬದಲಿಸುವ ಪ್ರಯೋಗ ಮಾಡಿದೆ. 'ಕರ್ನಾಟಕ' ಹೋಗಿ 'ಕನಾರ್ಟಕ' ಆಯಿತು. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ಹಿಂದೆಯೇ ಕೂತಿರುತ್ತದೆ. ಯುನಿಕೋಡ್‌ನಲ್ಲಿ ನಾವು ಬಾಯಲ್ಲಿ ಹೇಳುವ ಕ್ರಮ, ರ್ ಮೊದಲು. ಒಂದು ಅಕ್ಷರ ಮುಂದಕ್ಕೆ ತಂದರೆ ಆಯ್ತಲ್ಲ ಅಂದುಕೊಂಡರೆ 'ಸಾಮರ್ಥ್ಯ' ಬಂತು. ಅಲ್ಲಿ ಅರ್ಕಾವತ್ತು ಯ ಒತ್ತನ್ನೂ ಥವನ್ನೂ ದಾಟಿ ಮುಂದೆ ಬರಬೇಕು.

ಇನ್ನೊಂದು ತಮಾಷೆ ಯ ಅಕ್ಷರದ್ದು. ನುಡಿಯಲ್ಲಿ ಯ ಬರೆಯಲು ನಾಲ್ಕು ಗುರುತು ಬೇಕು, ಅದರಲ್ಲಿ ಮೊದಲನೆಯದು ಬರೇ ಇಂಗ್ಲಿಷಿನ ಎ. ಅದೇ ಎ ಒಂದೇ ಇದ್ದರೆ ಸೊನ್ನೆ, ಅಂದರೆ ಅನುಸ್ವಾರ. ಮೊದಲು ಸೊನ್ನೆ ಬದಲಿಸಿದರೆ ಊರಲ್ಲಿರುವ ಯ ಎಲ್ಲ ಒಡೆದು ಹೋಗುತ್ತವೆ. ಉದ್ದದ ಗುರುತುಗಳನ್ನು ಮೊದಲು ಹುಡುಕಬೇಕು, ಬಿಡಿ ಗುರುತು ಕೊನೆಗೆ. ಇಷ್ಟೆಲ್ಲ ಮಾಡಿಟ್ಟ ಪರಿವರ್ತಕಗಳು ಮುಕ್ತ ತಂತ್ರಾಂಶವಾಗಿ ಆಗಲೇ ಇದ್ದವು, ಪೈಥಾನ್‌ನಲ್ಲಿ ಬರೆದದ್ದೂ ಸಿಕ್ಕಿತು. ಮೊದಲೇ ಹುಡುಕಬೇಕಿತ್ತು, ಅಲ್ವಾ? ಆದರೆ ಎರಡು ದಿನ ಒದ್ದಾಡಿದ್ದರಿಂದಲೇ ಅದರ ಕೋಷ್ಟಕ ನೋಡಿದಾಗ ತಲೆಗೆ ಹತ್ತಿತು.

ಆ ಪರಿವರ್ತಕ ಬರೀ ಪಠ್ಯ ತಗೊಳ್ಳುತ್ತಿತ್ತು. ಮೇಷ್ಟ್ರ ಫೈಲುಗಳಲ್ಲಿ ನಡುನಡುವೆ ಇಂಗ್ಲಿಷೂ ಇತ್ತು, ಧ್ವನಿಮುದ್ರಣದ ಕ್ಯಾಸೆಟ್ ಗುರುತುಗಳು. ಅವೂ ಕನ್ನಡವಾಗಿ ಒದರತೊಡಗಿದವು. ಹಾಗಾಗಿ ವರ್ಡ್‌ನ ಹಳೇ ಡಾಕ್ ಫೈಲುಗಳನ್ನೆಲ್ಲ ಲಿಬ್ರೆಆಫೀಸ್‌ನಿಂದ ಒಟ್ಟಿಗೆ ಡಾಕ್ಸ್‌ಗೆ ಬದಲಿಸಿದೆ. ಡಾಕ್ಸ್ ಅಂದರೆ ಜಿಪ್ ಮಾಡಿದ ಒಂದು ಗಂಟು, ಒಳಗೆ ಯಾವ ತುಣುಕು ಯಾವ ಫಾಂಟಿನಲ್ಲಿದೆ ಅಂತ ಬರೆದಿರುತ್ತದೆ. ನುಡಿ ಫಾಂಟಿನ ತುಣುಕು ಮಾತ್ರ ಬದಲಿಸು, ಉಳಿದದ್ದು ಬಿಡು ಅಂತ ಸಣ್ಣ ಸ್ಕ್ರಿಪ್ಟ್ ಬರೆದೆ. ಅದರಲ್ಲೂ ಒಂದು ಮುಳ್ಳು. ಒಂದೇ ಪದ ಕೆಲವು ಸಲ ಎರಡು ತುಣುಕಾಗಿರುತ್ತದೆ. ಅಕ್ಷರ ಒಂದು ತುಣುಕಿನಲ್ಲಿ, ಅದರ ಅರ್ಕಾವತ್ತು ಮುಂದಿನದರಲ್ಲಿ. ಪಕ್ಕಪಕ್ಕದ ಒಂದೇ ಫಾಂಟಿನ ತುಣುಕುಗಳನ್ನು ಮೊದಲು ಸೇರಿಸಿ ಆಮೇಲೆ ಬದಲಿಸಿದೆ.

ಬದಲಿಸಿದ ಪಠ್ಯಕ್ಕೆ ಗುಬ್ಬಿ ಅನ್ನುವ ಯುನಿಕೋಡ್ ಫಾಂಟ್ ಆರಿಸಿದೆ. ಎಷ್ಟು ಸಲ ಕೊಟ್ಟರೂ ಅಕ್ಷರ ಬದಲಾಗಲೇ ಇಲ್ಲ. ಡಾಕ್ಸ್‌ನಲ್ಲಿ ಕನ್ನಡದಂಥ ಲಿಪಿಗಳಿಗೆ ಫಾಂಟ್ ಹೆಸರು ಬೇರೆ ಖಾನೆಯಲ್ಲಿ ಇರುತ್ತದೆ, ನಾನು ಇಂಗ್ಲಿಷಿನ ಖಾನೆ ತುಂಬುತ್ತಿದ್ದೆ. ಒಂದು ರಾತ್ರಿ ಇದಕ್ಕೇ ಹೋಯಿತು.

ಟೈಪಿಂಗ್ ವಿಷಯ ಮಾತ್ರ ಹೂ ಎತ್ತಿದಷ್ಟು ಸಲೀಸು. ಮೇಷ್ಟ್ರ ಬೆರಳಿಗೆ ಕೂತಿದ್ದು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ. ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶದ ಜೊತೆಗೆ ಎಂ17ಎನ್ ಅನ್ನುವ ಕೀಲಿಮಣೆಗಳ ಗಂಟು ಹಾಕಿದರೆ ಅದೇ ಕೀಲಿಮಣೆ ಲಿನಕ್ಸ್‌ನಲ್ಲೂ ಸಿಗುತ್ತದೆ. ಒತ್ತಕ್ಷರಕ್ಕೆ ಅದೇ ಎಫ್. ಅವರು ಎರಡು ಸಾಲು ಒತ್ತಿ ನೋಡಿ, "ಏನೂ ಬದಲಾಗಿಲ್ಲಲ್ಲೋ" ಅಂದರು.

ಮೂರನೇ ಭಾನುವಾರ 143 ಫೈಲುಗಳ ಮೊದಲ ಸಾಲುಗಳನ್ನು ಒಂದೇ ಕಡೆ ತಂದು, ಲಿಬ್ರೆಆಫೀಸ್‌ನಲ್ಲಿ ವಿಂಗಡಿಸಿದೆ. ಪಟ್ಟಿಯ ನೆತ್ತಿಯ ಮೇಲೆ ಹನ್ನೊಂದು ಸಾಲು ವಿಚಿತ್ರವಾಗಿ ಬಂದು ಕೂತವು. ಪೌಂಡು, ಪಿ, ಸೊಟ್ಟ ಗೀಟಿನ ಎ. ಬೇರೆ ಫಾಂಟಿನ ಹೆಸರಿದ್ದ ಕಾರಣ ನನ್ನ ಸ್ಕ್ರಿಪ್ಟ್ ಅವನ್ನು ಮುಟ್ಟಿರಲಿಲ್ಲ. ಇಂಗ್ಲಿಷ್ ಅಕ್ಷರಗಳು ಆ ವಿಂಗಡಣೆಯಲ್ಲಿ ಕನ್ನಡಕ್ಕಿಂತ ಮುಂದೆ ಬಂದಿದ್ದರಿಂದ ತಪ್ಪಿಸಿಕೊಂಡವೆಲ್ಲ ತಾವಾಗಿ ಮೇಲೆ ತೇಲಿದ್ದವು. ಈಗ ಯಾರ ಫೈಲ್ ಬದಲಿಸಿದರೂ ಕೊನೆಗೆ ಒಮ್ಮೆ ವಿಂಗಡಿಸಿ ನೆತ್ತಿ ನೋಡುತ್ತೇನೆ.

ಆ ಹನ್ನೊಂದನ್ನೂ ಸರಿ ಮಾಡಿ ಪಟ್ಟಿ ಪ್ರಿಂಟ್ ತೆಗೆದುಕೊಟ್ಟೆ. ಮೇಷ್ಟ್ರು ಕನ್ನಡಕ ಏರಿಸಿ ಬೆರಳಿಟ್ಟು ಓದುತ್ತಾ ಹೋದರು. ಕ ಮುಗಿಸಿ ಗಕ್ಕೆ ಬಂದವರು ನಿಂತರು. ಒಂದು ಹಾಡು ಎರಡು ಸಲ ಬಂದಿತ್ತು, ಬೇರೆ ಬೇರೆ ಊರಿನ ಹೆಸರಿನಲ್ಲಿ. ತಪ್ಪು ನನ್ನದಿರಬೇಕು ಅಂತ ನಾನು ಎದ್ದು ಬಂದೆ.

"ಕೂತ್ಕೋ, ನಿಂದಲ್ಲ. ಎರಡೂ ಊರಲ್ಲಿ ಹಾಡ್ತಾರೆ. ನಾನು ಗಮನಿಸೇ ಇರಲಿಲ್ಲ ನೋಡು" ಅಂದರು. ಜೇಬಿನಿಂದ ಪೆನ್ನು ತೆಗೆದು ಎರಡೂ ಸಾಲಿನ ಪಕ್ಕ ಗೀಟು ಎಳೆದರು.