ವಿವರ ಒಂದೇ ಕಡೆ, ಪುಟಗಳು ಹಲವು: ಲಿಸ್ಪ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಬಗೆ

ಪುಸ್ತಕಗಳ ದಾಖಲೆ ಇಡಲು ಒಂದು ಸಣ್ಣ ವೆಬ್ ಆ್ಯಪ್ ಬೇಕು ಎಂದುಕೊಳ್ಳಿ. ಹೆಸರು, ಲೇಖಕ, ಪ್ರಕಟವಾದ ವರ್ಷ, ಇಷ್ಟೇ ಮಾಹಿತಿ. ಸಾಮಾನ್ಯ ಕ್ರಮದಲ್ಲಿ ಬರೆಯಲು ಕುಳಿತರೆ ಈ ಮೂರೇ ಅಂಶಗಳನ್ನು ಡೇಟಾಬೇಸಿನಲ್ಲಿ ಒಮ್ಮೆ, ಫಾರಂನಲ್ಲಿ ಇನ್ನೊಮ್ಮೆ, ತಪಾಸಣೆಯ ಕೋಡಿನಲ್ಲಿ ಮತ್ತೊಮ್ಮೆ, ಪಟ್ಟಿ ತೋರಿಸುವ ಪುಟದಲ್ಲಿ ಮಗದೊಮ್ಮೆ ಬರೆಯಬೇಕು. ನಾಳೆ ‘ಪ್ರಕಾಶಕರು’ ಎಂಬ ಅಂಶ ಸೇರಿಸಬೇಕಾದರೆ ನಾಲ್ಕೂ ಕಡೆ ಕೈ ಹಾಕಬೇಕು. ಒಂದು ಕಡೆ ಮರೆತರೂ ಆ್ಯಪ್ ಮುಗ್ಗರಿಸುತ್ತದೆ.

ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ವಿವರವನ್ನು ಒಂದೇ ಕಡೆ ಬರೆದು ಉಳಿದದ್ದನ್ನು ಅದರಿಂದ ಹುಟ್ಟಿಸಬಹುದು. ಬೇರೆ ಭಾಷೆಗಳಲ್ಲಿ ಇದು ಆಗದು ಎಂದಲ್ಲ. ಆದರೆ ಲಿಸ್ಪ್‌ನಲ್ಲಿ ಕೋಡ್ ಕೂಡ ಒಂದು ಪಟ್ಟಿ, ದತ್ತಾಂಶ ಕೂಡ ಒಂದು ಪಟ್ಟಿ; ಒಂದರಿಂದ ಇನ್ನೊಂದನ್ನು ತಯಾರಿಸಲು ಹೊರಗಿನ ಸಲಕರಣೆಯೇ ಬೇಡ. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಶುರು ಮಾಡಿದ ಈ ಭಾಷೆ ವೆಬ್‌ಗೆ ಹೊಸದೇನಲ್ಲ. 1995ರಲ್ಲಿ ಆರಂಭವಾಗಿ 1998ರಲ್ಲಿ ಯಾಹೂ ಪಾಲಾದ ವಯಾವೆಬ್ ಎಂಬ ಆನ್‌ಲೈನ್ ಅಂಗಡಿ ಕಟ್ಟುವ ಸೇವೆ ಲಿಸ್ಪ್‌ನಲ್ಲೇ ಇತ್ತು. 2005ರಲ್ಲಿ ರೆಡ್ಡಿಟ್ ಮೊದಲು ತೆರೆದದ್ದೂ ಲಿಸ್ಪ್‌ನಲ್ಲೇ, ಅದೇ ವರ್ಷ ಪೈಥಾನ್‌ಗೆ ಜಿಗಿಯಿತು ಎಂಬುದನ್ನೂ ಹೇಳಿಬಿಡಬೇಕು.

ಒಂದು ಸೂಚನೆ: ಕೆಳಗೆ ಫಂಕ್ಷನ್‌ಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಭಾಷೆಯೊಂದಿಗೆ ಬರುವ ಹೆಸರುಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಹಂತ 1: ಸಾಮಗ್ರಿ ಜೋಡಿಸಿಕೊಳ್ಳಿ

ಲಿಸ್ಪ್‌ನ ಒಂದು ಪ್ರಭೇದವಾದ ಕಾಮನ್ ಲಿಸ್ಪ್‌ನ ಎಸ್‌ಬಿಸಿಎಲ್ ಕಂಪೈಲರ್ ಹಾಕಿಕೊಳ್ಳಿ, ಉಚಿತ. ಲೈಬ್ರರಿಗಳನ್ನು ತರಿಸಿಕೊಡಲು ಕ್ವಿಕ್‌ಲಿಸ್ಪ್ ಇದೆ. ಅದರ ಮೂಲಕ ಮೂರು ಲೈಬ್ರರಿ ಸಾಕು: ವೆಬ್ ಸರ್ವರ್ ಆಗಿ ಹಂಚೆನ್‌ಟೂಟ್, ಡೇಟಾಬೇಸ್ ವ್ಯವಹಾರಕ್ಕೆ ಮಿಟೊ, ಎಚ್‌ಟಿಎಂಎಲ್ ಬರೆಯಲು ಸ್ಪಿನ್ನರೆಟ್. ಡೇಟಾಬೇಸ್ ಎಸ್‌ಕ್ಯೂಲೈಟ್ ಆದರೆ ಬೇರೆ ಸರ್ವರ್ ನಡೆಸುವ ಗೋಜಿಲ್ಲ. ಇಮ್ಯಾಕ್ಸ್ ಎಡಿಟರ್ ಜೊತೆ, ಅದರೊಳಗಿಂದಲೇ ಲಿಸ್ಪ್ ಓಡಿಸಿಕೊಡುವ ಸ್ಲೈಮ್ ಬಳಸುವವರಿಗೆ ಹಾದಿ ಸಲೀಸು. ಇಮ್ಯಾಕ್ಸ್ ಒಗ್ಗದವರು ಬೇರೆ ಎಡಿಟರ್ ಬಳಸಲಿ, ಅದಕ್ಕಾಗಿ ಲಿಸ್ಪ್ ಬಿಡಬೇಕಾಗಿಲ್ಲ.

ಹಂತ 2: ವಿವರವನ್ನು ಬರೆಯಿರಿ

ಇಡೀ ಆ್ಯಪ್‌ನ ಬೇರು ಇದು:

(ಪುಸ್ತಕ
 (ಹೆಸರು ಪಠ್ಯ ಕಡ್ಡಾಯ)
 (ಲೇಖಕ ಪಠ್ಯ ಕಡ್ಡಾಯ)
 (ವರ್ಷ ಸಂಖ್ಯೆ ಐಚ್ಛಿಕ))

ಎಸ್‌ಬಿಸಿಎಲ್ ಯುನಿಕೋಡ್ ಹೆಸರುಗಳನ್ನು ಒಪ್ಪುವುದರಿಂದ ಇದನ್ನು ಕನ್ನಡದಲ್ಲಿಯೇ ಇಡಬಹುದು. ಮುಂದೆ ಒಂದು ಉದ್ಧರಣ ಚಿಹ್ನೆ ಹಾಕಿದರೆ ಲಿಸ್ಪ್ ಇದನ್ನು ಓಡಿಸಲು ಹೋಗದೆ ಬರೀ ಪಟ್ಟಿಯಾಗಿ ನೋಡುತ್ತದೆ. ಆದರೆ ಡೇಟಾಬೇಸಿನ ಕಾಲಂಗಳಿಗೆ ಇಂಗ್ಲಿಷ್ ಹೆಸರನ್ನೂ ಪ್ರತಿ ಸಾಲಿನಲ್ಲಿ ಸೇರಿಸಿಡಿ. ಮುಂದೆ ಬೇರೆ ಸಲಕರಣೆಗಳಿಂದ ಡೇಟಾಬೇಸ್ ತೆರೆಯುವವರು ನಿಮ್ಮನ್ನು ನೆನೆಯುತ್ತಾರೆ.

ಹಂತ 3: ವಿವರದಿಂದ ಟೇಬಲ್

ಮಿಟೊದಲ್ಲಿ ಡೆಫ್‌ಟೇಬಲ್ ಎಂಬುದು ಒಂದು ಕ್ಲಾಸನ್ನೂ ಅದಕ್ಕೆ ಹೊಂದುವ ಡೇಟಾಬೇಸ್ ಟೇಬಲ್‌ನ ವಿವರವನ್ನೂ ಒಟ್ಟಿಗೆ ಕೊಡುತ್ತದೆ. ಕ್ರಮಸಂಖ್ಯೆ, ದಾಖಲೆ ಹುಟ್ಟಿದ ಸಮಯ, ಕೊನೆಯ ತಿದ್ದುಪಡಿಯ ಸಮಯ ಈ ಮೂರು ಕಾಲಂಗಳನ್ನು ಅದೇ ಸೇರಿಸಿಕೊಳ್ಳುತ್ತದೆ. ನಾವು ಬರೆಯಬೇಕಾದದ್ದು ನಮ್ಮ ಪಟ್ಟಿಯನ್ನು ಡೆಫ್‌ಟೇಬಲ್ ಆಗಿ ಬದಲಿಸುವ ಒಂದು ಪುಟ್ಟ ಮ್ಯಾಕ್ರೊ. ಮ್ಯಾಕ್ರೊ ಕಂಪೈಲ್ ಆಗುವ ಹೊತ್ತಿಗೇ ಪಟ್ಟಿಯೊಂದನ್ನು ತೆಗೆದುಕೊಂಡು ಕೋಡ್ ಆಗಬಲ್ಲ ಇನ್ನೊಂದು ಪಟ್ಟಿಯನ್ನು ಹಿಂತಿರುಗಿಸುತ್ತದೆ, ಅಷ್ಟೆ. ‘ಪಠ್ಯ’ ಕಂಡಲ್ಲಿ ವಾರ್‌ಚಾರ್ (ಅಕ್ಷರಗಳ ಕಾಲಂ), ‘ಸಂಖ್ಯೆ’ ಕಂಡಲ್ಲಿ ಇಂಟೀಜರ್ (ಪೂರ್ಣಾಂಕದ ಕಾಲಂ), ‘ಐಚ್ಛಿಕ’ ಎಂದಿದ್ದರೆ ಕಾಲಂ ಖಾಲಿ ಇರಲು ಅನುಮತಿ.

ಹೊಸಬರು ಎಡವುವುದು ಇಲ್ಲೇ. ವಿವರದ ಪಟ್ಟಿಯನ್ನು ಮೊದಲು ವೇರಿಯಬಲ್‌ನಲ್ಲಿಟ್ಟು, ಮ್ಯಾಕ್ರೊ ಅಲ್ಲಿಂದ ಓದಲಿ ಎಂದು ಬರೆಯುತ್ತಾರೆ. ಒಂದೊಂದೇ ಸಾಲು ಓಡಿಸಿ ನೋಡುವಾಗ ಎಲ್ಲವೂ ಸರಿ. ಇಡೀ ಫೈಲನ್ನು ಕಂಪೈಲ್ ಮಾಡಿದ ಕೂಡಲೇ ದೋಷ. ಕಾರಣ, ಮ್ಯಾಕ್ರೊ ಬಿಚ್ಚಿಕೊಳ್ಳುವ ಹೊತ್ತಿಗೆ ಆ ವೇರಿಯಬಲ್‌ಗೆ ಬೆಲೆ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ವಿವರವನ್ನು ನೇರವಾಗಿ ಮ್ಯಾಕ್ರೊಗೇ ಕೊಡಿ. ಅದು ಡೆಫ್‌ಟೇಬಲ್ ಅನ್ನೂ ಹುಟ್ಟಿಸಲಿ, ಮುಂದೆ ಫಾರಂಗೆ ಬೇಕಾಗುವ ವಿವರದ ಪ್ರತಿಯನ್ನೂ ಕಾದಿಡುವ ಕೋಡನ್ನು ಹುಟ್ಟಿಸಲಿ. ಅನುಮಾನ ಬಂದರೆ ಮ್ಯಾಕ್ರೊಎಕ್ಸ್‌ಪ್ಯಾಂಡ್-1 ಕರೆದು ಏನು ಹುಟ್ಟಿತು ಎಂದು ಕಣ್ಣಾರೆ ನೋಡಿ. ಕೊನೆಗೆ ಎನ್ಶೂರ್-ಟೇಬಲ್-ಎಕ್ಸಿಸ್ಟ್ಸ್ ಕರೆದರೆ ಟೇಬಲ್ ಸಿದ್ಧ.

ಹಂತ 4: ಪಟ್ಟಿ ಮತ್ತು ಫಾರಂ

ಇಲ್ಲಿ ಮ್ಯಾಕ್ರೊ ಬೇಡ. ಸಾಮಾನ್ಯ ಫಂಕ್ಷನ್ ಸಾಕಾಗುವ ಕಡೆ ಮ್ಯಾಕ್ರೊ ಬರೆಯುವುದು ಲಿಸ್ಪ್ ಕಲಿತವರಿಗೆಲ್ಲ ಒಮ್ಮೆ ತಗಲುವ ಜ್ವರ. ವಿವರವನ್ನು ಓದುತ್ತಾ ಪ್ರತಿ ಅಂಶಕ್ಕೂ ಒಂದು ಲೇಬಲ್, ಒಂದು ಇನ್‌ಪುಟ್ ಬರೆಯುವ ಲೂಪ್ ಇದ್ದರೆ ಫಾರಂ ಮುಗಿಯಿತು. ಮಿಟೊದ ಸೆಲೆಕ್ಟ್-ಡಾವೊ ಡೇಟಾಬೇಸಿನಿಂದ ತಂದುಕೊಡುವ ದಾಖಲೆಗಳ ಮೇಲೆ ಇನ್ನೊಂದು ಲೂಪ್ ಹಾಕಿದರೆ ಪಟ್ಟಿ.

ಸ್ಪಿನ್ನರೆಟ್ ಆರಿಸಿದ್ದಕ್ಕೆ ಕಾರಣವಿದೆ. ಬಳಕೆದಾರ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಟ್ಯಾಗ್ ತುಂಬಿದರೂ ಅದು ತಾನಾಗಿ ನಿರುಪದ್ರವಿ ಅಕ್ಷರಗಳಾಗಿ ಬದಲಿಸುತ್ತದೆ. ಹಳೆಯದೂ ಜನಪ್ರಿಯವೂ ಆದ ಸಿಎಲ್-ಹೂ ಲೈಬ್ರರಿಯಲ್ಲಿ ಆ ಜವಾಬ್ದಾರಿ ಬರೆಯುವವನದು, ಮರೆತರೆ ಬಾಗಿಲು ತೆರೆದಂತೆ.

ಹಂತ 5: ವಿಳಾಸಗಳನ್ನು ಜೋಡಿಸಿ

ಹಂಚೆನ್‌ಟೂಟ್‌ನ ಡಿಫೈನ್-ಈಸಿ-ಹ್ಯಾಂಡ್ಲರ್ ಮೂಲಕ ಪಟ್ಟಿಗೆ ಒಂದು ವಿಳಾಸ, ಫಾರಂಗೆ ಒಂದು, ಉಳಿಸುವುದಕ್ಕೆ ಒಂದು. ಉಳಿಸಿದ ಮೇಲೆ ಪಟ್ಟಿಯ ಪುಟಕ್ಕೆ ರೀಡೈರೆಕ್ಟ್ ಮಾಡಿ. ಇಲ್ಲದಿದ್ದರೆ ಬ್ರೌಸರಿನಲ್ಲಿ ರಿಫ್ರೆಶ್ ಒತ್ತಿದಾಗಲೆಲ್ಲ ಅದೇ ಪುಸ್ತಕ ಮತ್ತೆ ಸೇರುತ್ತದೆ. ಕನ್ನಡ ಅಕ್ಷರಗಳು ಸರಿಯಾಗಿ ಕಾಣಲು ಪುಟದ ಕಂಟೆಂಟ್ ಟೈಪ್‌ನಲ್ಲಿ ಯುಟಿಎಫ್-8 ಎಂದು ಸ್ಪಷ್ಟವಾಗಿ ನಮೂದಿಸಿ. ವಿನಂತಿಗಳನ್ನು ಸ್ವೀಕರಿಸುವ ಈಸಿ-ಅಕ್ಸೆಪ್ಟರ್ ಒಂದನ್ನು 8080ನೆಯ ಪೋರ್ಟ್‌ನಲ್ಲಿ ಶುರು ಮಾಡಿದರೆ ಬ್ರೌಸರಿನಲ್ಲಿ ಪುಟ ಬರುತ್ತದೆ.

ಸರ್ವರ್ ಓಡುತ್ತಿರುವಾಗಲೇ ಫಂಕ್ಷನ್ ತಿದ್ದಿ, ಅದೊಂದನ್ನೇ ಮತ್ತೆ ಕಂಪೈಲ್ ಮಾಡಿ, ಪುಟ ರಿಫ್ರೆಶ್ ಮಾಡಿ ನೋಡಿ. ಸರ್ವರ್ ನಿಲ್ಲಿಸುವ ಮಾತಿಲ್ಲ. ಲಿಸ್ಪ್ ಮಂದಿ ಆವರಣ ಚಿಹ್ನೆಗಳ ಕಾಡನ್ನು ಸಹಿಸಿಕೊಳ್ಳುವುದು ಈ ಸುಖಕ್ಕಾಗಿಯೇ ಎಂದು ನನ್ನ ಅನಿಸಿಕೆ.

ಡೇಟಾಬೇಸ್ ಸಂಪರ್ಕದ ಬಗ್ಗೆ ಎಚ್ಚರ. ಹಂಚೆನ್‌ಟೂಟ್ ಬರುವ ಪ್ರತಿ ಬ್ರೌಸರ್ ಸಂಪರ್ಕವನ್ನೂ ಬೇರೆ ಥ್ರೆಡ್‌ನಲ್ಲಿ, ಎಂದರೆ ಒಟ್ಟೊಟ್ಟಿಗೆ ಓಡುವ ಬೇರೆ ಎಳೆಯಲ್ಲಿ, ನೋಡಿಕೊಳ್ಳುತ್ತದೆ. ಪ್ರಯೋಗಕ್ಕೆಂದು ಕನೆಕ್ಟ್-ಟಾಪ್‌ಲೆವೆಲ್ ಬಳಸಿ ತೆರೆದ ಒಂದೇ ಡೇಟಾಬೇಸ್ ಸಂಪರ್ಕವನ್ನು ಎಲ್ಲ ಥ್ರೆಡ್‌ಗಳೂ ಹಂಚಿಕೊಂಡರೆ ಇಬ್ಬರು ಒಟ್ಟಿಗೆ ಉಳಿಸಿದ ದಿನ ರಗಳೆ ಶುರು. ಪ್ರತಿ ಹ್ಯಾಂಡ್ಲರ್‌ನ (ಒಂದು ವಿಳಾಸಕ್ಕೆ ಉತ್ತರಿಸುವ ಕೋಡ್‌ನ) ಒಳಗೆ ಮಿಟೊದ ಸಂಪರ್ಕ ವೇರಿಯಬಲ್‌ಗೆ ಲೆಟ್ ಮೂಲಕ ಹೊಸ ಸಂಪರ್ಕ ಕೊಡಿ. ಹಾಗೆ ಕೊಟ್ಟ ಬೆಲೆ ಆ ಥ್ರೆಡ್‌ಗೆ ಮಾತ್ರ ಸೀಮಿತ.

ಹಂತ 6: ತಪಾಸಣೆ

ಬ್ರೌಸರಿನಿಂದ ಬರುವುದೆಲ್ಲ ಬರೀ ಪಠ್ಯ. ‘ವರ್ಷ’ವನ್ನು ಸಂಖ್ಯೆ ಮಾಡಲು ರೀಡ್-ಫ್ರಂ-ಸ್ಟ್ರಿಂಗ್ ಬಳಸುವ ಆಸೆ ಹುಟ್ಟುತ್ತದೆ, ಅಷ್ಟು ಸುಲಭ ಅದು. ಖಂಡಿತ ಬೇಡ. ಲಿಸ್ಪ್‌ನ ಓದುಗ, ಎಂದರೆ ಪಠ್ಯವನ್ನು ಲಿಸ್ಪ್ ಕೋಡಾಗಿ ಓದುವ ಭಾಗ, ಹ್ಯಾಶ್ ಮತ್ತು ಚುಕ್ಕಿ ಒಟ್ಟಿಗೆ ಕಂಡರೆ ಮುಂದಿರುವುದನ್ನು ಓದುವಾಗಲೇ ಓಡಿಸಿಬಿಡುತ್ತದೆ. ಅಪರಿಚಿತನೊಬ್ಬ ಫಾರಂನಲ್ಲಿ ಬರೆದ ಕೋಡ್ ನಿಮ್ಮ ಸರ್ವರ್‌ನಲ್ಲಿ ಓಡುತ್ತದೆ ಎಂದರೆ ಮುಂದೆ ಹೇಳಬೇಕಾದ್ದಿಲ್ಲ. ಪಾರ್ಸ್-ಇಂಟೀಜರ್ ಬಳಸಿ. ಅದರಲ್ಲೂ ಜಂಕ್-ಅಲೌಡ್ ಎಂಬ ಆಯ್ಕೆ ಕೊಟ್ಟರೆ ‘1998ಅಬ’ ಎಂದು ಬರೆದದ್ದೂ 1998 ಆಗಿ ನುಸುಳುತ್ತದೆ. ಅದನ್ನು ಕೊಡದೆ, ಬರುವ ದೋಷವನ್ನು ಹ್ಯಾಂಡ್ಲರ್-ಕೇಸ್‌ನಲ್ಲಿ ಹಿಡಿದು ಬಳಕೆದಾರನಿಗೆ ತಿಳಿಸಿ.

ಹಾಗೆಯೇ ಫಾರಂನಿಂದ ಬಂದ ಅಂಶಗಳ ಹೆಸರನ್ನು ಇಂಟರ್ನ್ ಮಾಡಿ ಸಿಂಬಲ್ (ಲಿಸ್ಪ್ ತನ್ನ ಪ್ಯಾಕೇಜ್ ಎಂಬ ಹೆಸರುಗಳ ಪಟ್ಟಿಯಲ್ಲಿ ನೆನಪಿಟ್ಟುಕೊಳ್ಳುವ ಹೆಸರು) ಆಗಿಸಬೇಡಿ. ಹುಟ್ಟಿದ ಸಿಂಬಲ್‌ಗಳು ಪ್ಯಾಕೇಜಿನಲ್ಲಿ ಉಳಿದು ಮೆಮೊರಿ ತಿನ್ನುತ್ತವೆ. ವಿವರದಲ್ಲಿರುವ ಹೆಸರುಗಳೊಂದಿಗೆ ಹೋಲಿಸಿ, ಇಲ್ಲದ್ದನ್ನು ಕೈಬಿಡಿ. ಕಡ್ಡಾಯ ಅಂಶ ಖಾಲಿಯಿದೆಯೇ ಎಂಬುದಕ್ಕೂ ವಿವರವೇ ಆಧಾರ. ಎಸ್‌ಕ್ಯೂಎಲ್ ಹುಡುಕಾಟದಲ್ಲಿ ಬೆಲೆಗಳನ್ನು ಪ್ರಶ್ನೆಚಿಹ್ನೆಯ ಜಾಗಗಳಿಗೆ ತುಂಬುವ ಕೆಲಸವನ್ನು ಮಿಟೊ ಮಾಡುತ್ತದೆ, ನೀವಾಗಿ ಪಠ್ಯ ಜೋಡಿಸಿ ಕಳುಹಿಸದಿದ್ದರೆ ಸಾಕು.

ಹಂತ 7: ಸರ್ವರಿಗೆ ಸಾಗಿಸುವುದು

ಎಸ್‌ಬಿಸಿಎಲ್‌ನ ಸೇವ್-ಲಿಸ್ಪ್-ಆ್ಯಂಡ್-ಡೈ ಎಂಬ ಭಯಂಕರ ಹೆಸರಿನ ಫಂಕ್ಷನ್ ಇಡೀ ಕಾರ್ಯಕ್ರಮವನ್ನು, ಕಂಪೈಲರ್ ಸಮೇತ, ಒಂದೇ ಫೈಲಾಗಿ ಬರೆದುಕೊಡುತ್ತದೆ. ಹತ್ತಾರು ಮೆಗಾಬೈಟ್ ತೂಗುತ್ತದೆ, ಇರಲಿ. ಬೇರೆ ಥ್ರೆಡ್‌ಗಳು ಓಡುತ್ತಿದ್ದರೆ ಅದು ಉಳಿಸಲು ಒಪ್ಪುವುದಿಲ್ಲ. ಹಾಗಾಗಿ ವೆಬ್ ಸರ್ವರ್ ಶುರು ಮಾಡುವ ಸಾಲನ್ನು ಟಾಪ್‌ಲೆವೆಲ್ ಫಂಕ್ಷನ್‌ನ, ಎಂದರೆ ಆ ಫೈಲ್ ತೆರೆದಾಗ ಮೊದಲು ಓಡುವ ಫಂಕ್ಷನ್‌ನ, ಒಳಗಿಡಿ. ಆ ಫಂಕ್ಷನ್ ಸರ್ವರ್ ಶುರು ಮಾಡಿದ ಮೇಲೆ ಮುಗಿದುಹೋಗದಂತೆ ನಿದ್ರಿಸುವ ಲೂಪ್ ಒಂದಿರಲಿ. ಇಲ್ಲದಿದ್ದರೆ ಆ್ಯಪ್ ತೆರೆದ ಕ್ಷಣವೇ ಮುಚ್ಚಿಕೊಳ್ಳುತ್ತದೆ. ಎಸ್‌ಕ್ಯೂಲೈಟ್‌ನ ಲೈಬ್ರರಿ ಈ ಫೈಲಿನೊಳಗೆ ಸೇರಿರುವುದಿಲ್ಲ, ಆ ಯಂತ್ರದಲ್ಲಿ ಬೇರೆಯಾಗಿ ಇರಬೇಕು. ಆ್ಯಪ್‌ನ ಮುಂದುಗಡೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇರಿಸಿ, ಎಚ್‌ಟಿಟಿಪಿಎಸ್ ಕೆಲಸವನ್ನು ಅದಕ್ಕೇ ವಹಿಸಿ.

‘ಪ್ರಕಾಶಕರು’ ಸೇರಿಸುವ ದಿನ ಬಂದಾಗ ವಿವರದಲ್ಲಿ ಒಂದು ಸಾಲು ಬರೆದು, ಐಚ್ಛಿಕ ಎಂದು ಗುರುತಿಸಿ, ಮತ್ತೆ ಕಂಪೈಲ್ ಮಾಡಿ. ಹಳೆಯ ಪುಸ್ತಕಗಳಿಗೆ ಆ ಮಾಹಿತಿ ಇಲ್ಲವಾದ್ದರಿಂದ ಮೊದಲೇ ಕಡ್ಡಾಯ ಮಾಡಲಾಗದು. ಮಿಟೊದ ಮೈಗ್ರೇಶನ್-ಎಕ್ಸ್‌ಪ್ರೆಶನ್ಸ್ ಟೇಬಲ್‌ನಲ್ಲಿ ಏನೇನು ಬದಲಾಗಲಿದೆ ಎಂದು ತೋರಿಸುತ್ತದೆ. ಅದನ್ನು ಓದಿ, ಡೇಟಾಬೇಸ್ ಫೈಲಿನ ಪ್ರತಿಯೊಂದನ್ನು ತೆಗೆದಿಟ್ಟು, ನಂತರವೇ ಮೈಗ್ರೇಟ್-ಟೇಬಲ್ ಕರೆಯಿರಿ. ಫಾರಂ, ಪಟ್ಟಿ, ತಪಾಸಣೆಗಳಲ್ಲಿ ಮುಟ್ಟಬೇಕಾದದ್ದು ಏನೂ ಇಲ್ಲ.

ಯಾವ ಪುಸ್ತಕ ಯಾರ ಬಳಿ ಇದೆ ಎಂಬಂಥ ಎರಡು ಟೇಬಲ್‌ಗಳ ಸಂಬಂಧಕ್ಕೆ ಬಂದಾಗ ಮಾತ್ರ ಈ ಯಂತ್ರವನ್ನು ಹಿಗ್ಗಿಸಲು ಹೋಗಬೇಡಿ. ಅಂಥ ಪುಟದಲ್ಲಿ ಏನು ಕಾಣಬೇಕು, ಯಾವ ಕ್ರಮದಲ್ಲಿ ಕಾಣಬೇಕು ಎಂಬುದು ಪ್ರತಿ ಆ್ಯಪ್‌ಗೂ ಬೇರೆ. ಅದನ್ನು ಕೈಯಾರೆ ಬರೆದುಬಿಡಿ, ಬೇಗ ಮುಗಿಯುತ್ತದೆ.